ತೀರ್ಥದ ಜೊತೆ ನುಂಗಿದ ಗುಳಿಗೆ

ಇದನ್ನು ಹೇಳುವುದನ್ನು ಬಹಳ ಕಾಲದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆಯ ನೆಪವಿತ್ತು. ಪೊರೆ ತೆಗೆಸಿದ ಮೇಲೆ ಬೇಸಿಗೆಯ ನೆಪ ಹೂಡಿದೆ. ನಮ್ಮೂರು ವಾಡಿಯ ಬೇಸಿಗೆಯಲ್ಲಿ ಯಾರು ಬರೆಯುತ್ತಾರೆ, ಪೆನ್ನು ಹಿಡಿದ ಕೈಯೇ ಬೆವರಿ ಕಾಗದಕ್ಕೆ ಅಂಟುತ್ತದೆ ಎಂದೆ. ಮಳೆ ಬಂದಾಗ ಹೊಸ ನೆಪ ಸಿಗಲಿಲ್ಲ. ಆದರೂ ಬರೆಯಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಮೆಟ್ರಿಕ್ ಮುಗಿಸಿ, ಸಿಮೆಂಟ್ ಕಾರ್ಖಾನೆಯೊಂದರ ಗೇಟಿನಲ್ಲಿ ಹಾಜರಿ ಹಾಕುವ ಗುಮಾಸ್ತನಾಗಿದ್ದು ನಿವೃತ್ತನಾದವನು. ಓಣಿಯ ಜನ ನನ್ನನ್ನು ನೋಡುವುದು ಗುಮಾಸ್ತನೆಂದಲ್ಲ, ಆಚಾರ್ರು ಎಂದು. ಓಣಿಯ ವಿಠ್ಠಲನ ಗುಡಿಯ ಪೂಜೆ ನಮ್ಮ ತಂದೆಯ ಕಾಲದಿಂದ ನಮ್ಮ ಮನೆಯದು. ಬೆಳಿಗ್ಗೆ ಸಿಮೆಂಟಿನ ಬೂದಿ ಕೂತ ತುಳಸಿ ಎಲೆಗಳನ್ನು ಒಂದೊಂದಾಗಿ ತೊಳೆದು ದೇವರಿಗೆ ಏರಿಸುವುದರಿಂದ ನನ್ನ ದಿನ ಶುರುವಾಗುತ್ತಿತ್ತು. ಏಕಾದಶಿ ಯಾವತ್ತು ಎಂದು ಕೇಳಲು ಜನ ಪಂಚಾಂಗ ನೋಡುತ್ತಿರಲಿಲ್ಲ. ನನ್ನ ಮನೆಯ ಕಟ್ಟೆಗೆ ಬರುತ್ತಿದ್ದರು.

ಕಾಯಿಲೆ ಗೊತ್ತಾದದ್ದು ಕುತ್ತಿಗೆಯ ಗಂಟುಗಳಿಂದ. ನೋಯದ ಗಂಟುಗಳು, ಹುಣಸೆ ಬೀಜದ ಹಾಗೆ ಬೆರಳಿಗೆ ಸಿಗುತ್ತಿದ್ದವು. ಹೊಟ್ಟೆಯ ಎಡಗಡೆ ಕಲ್ಲು ಕಟ್ಟಿದಂತೆ ಬಿಗಿ. ಕಲಬುರಗಿಯಲ್ಲಿ ರಕ್ತ ನೋಡಿದವರು ಹೈದರಾಬಾದಿಗೆ ಹೋಗಿ ಎಂದರು. ಅಲ್ಲಿಯ ಡಾಕ್ಟರು ಸಮಾಧಾನದ ಮನುಷ್ಯ. ರಕ್ತದ ಕ್ಯಾನ್ಸರ್ ಎಂದಾಗ ನನ್ನ ಮುಖ ನೋಡಿ, ಇದು ಓಡುವ ಜಾತಿಯದಲ್ಲ, ನಡೆಯುವ ಜಾತಿಯದು ಎಂದರು. ಬಿಳಿ ರಕ್ತಕಣಗಳು ಸಾಯಬೇಕಾದ ಹೊತ್ತಿಗೆ ಸಾಯದೆ ಒಂದರ ಮೇಲೊಂದು ಕೂಡಿಬೀಳುತ್ತ ಹೋಗುವುದೇ ಈ ರೋಗ. ಕೆಲಕಾಲ ಔಷಧ ಕೊಡದೆ ಸುಮ್ಮನೆ ನೋಡಿದರು. ಆಮೇಲೆ ಎರಡು ಔಷಧ ಕೂಡಿಸಿ ಕೊಡುತ್ತೇವೆ ಎಂದರು. ಒಂದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಇಳಿಸುವ ಬಾಟಲಿ. ಇನ್ನೊಂದು ಮನೆಯಲ್ಲಿ ದಿನಾ ನುಂಗುವ ಗುಳಿಗೆ. ಒಂದು ಕಣಗಳನ್ನು ಗುರುತು ಹಚ್ಚುತ್ತದೆ, ಇನ್ನೊಂದು ಅವು ಮರೆತ ಸಾವನ್ನು ನೆನಪಿಸುತ್ತದೆ ಎಂದು ವಿವರಿಸಿದರು. ಈ ಜೋಡಿಯ ಗುಣವೆಂದರೆ ಇದಕ್ಕೊಂದು ಕೊನೆ ಇತ್ತು. ಇಷ್ಟು ತಿಂಗಳು ಎಂದು ತೆಗೆದುಕೊಂಡು, ರಕ್ತ ಸ್ವಚ್ಛವಾಗಿದ್ದರೆ ಎಲ್ಲ ಬಿಟ್ಟುಬಿಡುವುದು. ಬೇರೆ ಔಷಧಗಳಾದರೆ ಇರುವ ತನಕ ನುಂಗುತ್ತಿರಬೇಕು. ಬಿಟ್ಟುಬಿಡುವ ಒಂದು ದಿನ ಇದೆ ಎಂಬ ಮಾತು ರೋಗಿಗೆ ಎಷ್ಟು ದೊಡ್ಡದು ಎಂಬುದು ರೋಗಿಗೇ ಗೊತ್ತು.

ಗುಳಿಗೆ ಮೊದಲು ಚಿಕ್ಕದು. ವಾರದಿಂದ ವಾರಕ್ಕೆ ಏರಿಸುತ್ತ ಹೋಗುತ್ತಾರೆ. ಏರಿಸುವ ವಾರಗಳಲ್ಲಿ ಊಟದ ಮೇಲೆಯೇ ನುಂಗಬೇಕು, ಬಾಟಲಿಗಟ್ಟಲೆ ನೀರು ಕುಡಿಯಬೇಕು. ಇದನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವಳು ಅಲ್ಲಿಯ ನರ್ಸು, ಚಿಂಚೋಳಿ ಕಡೆಯ ಹುಡುಗಿ. ಅರ್ಧ ಕನ್ನಡ, ಅರ್ಧ ತೆಲುಗು.

"ಕಣ ಎಲ್ಲಾ ಒಮ್ಮೆಲೇ ಸಾಯ್ತಾವ್ರಿ ತಾತಾ. ಆ ಹೊಲಸು ಎಲ್ಲಿಗಿ ಹೋಗಬೇಕು? ಕಿಡ್ನಿಗೇ ಹೋಗಬೇಕಲ್ಲ. ನೀರ್ ಕುಡೀಲಿಲ್ಲಂದ್ರ ಅದು ಕಟ್ಕೊಂಡು ಕುಂದರ್ತದ."

ನನ್ನ ಪಕ್ಕದ ಕುರ್ಚಿಯಲ್ಲಿದ್ದ ಶಹಾಬಾದಿನವನು ತಟ್ಟನೆ ಹೇಳಿದ: "ಹಮಾರಾ ಪಾಲಿಶ್ ಮಷಿನ್! ಕಲ್ಲು ತಿಕ್ಕೋವಾಗ ಮ್ಯಾಲ ನೀರ್ ಬಿಡಲಿಲ್ಲಂದ್ರ ರಾಡಿ ಸಿಕ್ಕಿ ಮಷಿನ್ನೇ ಜಾಮ್. ಹೌದಲ್ಲ ಬೇಟಿ?"

"ಹಾಂ, ಅದೇ," ಎಂದಳು ನರ್ಸು. ನಮಗೆ ಅಂದಿನಿಂದ ಆ ನೀರಿನ ಹೆಸರು ಪಾಲಿಶ್ ನೀರು.

ಈ ಶಹಾಬಾದಿನವನು ನನಗಿಂತ ಸ್ವಲ್ಪ ಚಿಕ್ಕವನು, ಮುಸಲ್ಮಾನ, ನೆಲಕ್ಕೆ ಹಾಕುವ ಪರಸಿಕಲ್ಲಿನ ವ್ಯಾಪಾರದವನು. ಅವನಿಗೂ ಇದೇ ರೋಗ, ಇದೇ ಔಷಧ. ಆಸ್ಪತ್ರೆಗೆ ಹೋಗುವ ಬುಧವಾರಗಳಲ್ಲಿ ಬೆಳಗಿನ ರೈಲಿಗೆ ಶಹಾಬಾದಿನಲ್ಲೇ ಹತ್ತಿ, ಕಿಟಕಿಯ ಪಕ್ಕ ಟವೆಲ್ ಹಾಸಿ, ವಾಡಿ ಬಂದ ಕೂಡಲೇ ಬಾಗಿಲಿಗೆ ಬಂದು ನನ್ನ ಚೀಲ ತೆಗೆದುಕೊಳ್ಳುತ್ತಿದ್ದ. ಹೆಂಡತಿಯ ಮೊಣಕಾಲು ನೋವಿನಿಂದ ನಾನು ಒಬ್ಬನೇ ಹೋಗುತ್ತಿದ್ದೆ. ಅವನಿದ್ದಾನೆಂಬ ಧೈರ್ಯವೇ ನಮ್ಮ ಮನೆಗೆ ಸಾಕಾಗಿತ್ತು.

ಮೂರನೆಯವಳು ಸೇಡಂನಲ್ಲಿ ಹತ್ತುತ್ತಿದ್ದಳು. ಕುರಕುಂಟಾದ ರೈತರ ಮನೆಯ ಹೆಣ್ಣುಮಗಳು, ಐವತ್ತು ದಾಟಿದವಳು, ಗಂಡ ತೀರಿಹೋಗಿದ್ದ. ಊರಿನಿಂದ ಟಂಟಂ ಆಟೋದಲ್ಲಿ ಸೇಡಂ ಸ್ಟೇಷನ್ನಿಗೆ ಬಂದು ರೈಲು ಹಿಡಿಯುತ್ತಿದ್ದಳು. ಮೊದಲ ದಿನ ನಮ್ಮ ಎದುರು ಕೂತು ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ ನೋಡಿ, "ಅಣ್ಣಾರ, ನಿಮಗೂ ಬಿಳಿರಕ್ತದ್ದೇ ಏನ್ರಿ?" ಎಂದು ಕೇಳಿದಳು. ಬೇರೆಯವರು ಈ ರೋಗದ ಹೆಸರನ್ನು ಬಾಯಿ ಮುಚ್ಚಿಕೊಂಡು ಹೇಳುತ್ತಿದ್ದರು. ಅವಳು ಊರು ಕೇಳಿದಷ್ಟು ಸಲೀಸಾಗಿ ಕೇಳಿದಳು.

ನಮ್ಮಿಬ್ಬರಿಗಿಂತ ಕೆಲವು ತಿಂಗಳು ತಡವಾಗಿ ಅವಳ ಔಷಧ ಶುರುವಾಯಿತು. ಹಾಗಾಗಿ ನಾವು ಮುಂದಿನ ತರಗತಿಯವರು, ಅವಳು ಹಿಂದಿನ ತರಗತಿಯವಳು. ಮೊದಲ ಬಾಟಲಿ ಇಳಿಯುವಾಗ ಹಲ್ಲು ಕಟಕಟ ಎನ್ನುವಂತೆ ಥಂಡಿ ಬರುತ್ತದೆ, ಹೆದರಬೇಡ, ಬಾಟಲಿ ನಿಧಾನ ಮಾಡುತ್ತಾರೆ, ಕಂಬಳಿ ಹೊದಿಸುತ್ತಾರೆ ಎಂದು ನಾವೇ ಅವಳಿಗೆ ಹೇಳಿಕೊಟ್ಟೆವು. ಥಂಡಿ ಬಂತು. ಅವಳು ಕಂಬಳಿಯೊಳಗಿಂದ ನಡುಗುತ್ತಲೇ, "ಅಣ್ಣಾರ ಹೇಳಿದಂಗೇ ಆತು ನೋಡವಾ," ಎಂದು ನರ್ಸಿಗೆ ಹೆಮ್ಮೆಯಿಂದ ಹೇಳಿದಳು. ನನ್ನ ಮಾತು ಅವಳಿಗೆ ಅಂದಿನಿಂದ ಪಂಚಾಂಗವಾಯಿತು.

ಆ ಬುಧವಾರಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ರೋಗದ ದಿನಗಳು ಹೀಗೆ ನೆನಪಾಗಬಾರದು. ಆದರೆ ನನ್ನ ಬದುಕಿನಲ್ಲಿ ಅಷ್ಟು ನಕ್ಕ ಕಾಲ ಇನ್ನೊಂದಿಲ್ಲ. ಚಿತ್ತಾಪುರದಲ್ಲಿ ಚಹಾ ಹತ್ತುತ್ತಿತ್ತು. ತೊಗರಿ ಹೂಬಿಟ್ಟ ಕಾಲದಲ್ಲಿ ಸೇಡಂ ತನಕ ಎರಡೂ ಕಡೆ ಹಳದಿ. ಅವಳು ಹತ್ತುವಾಗ ಕೈಯಲ್ಲಿ ಒಂದು ದೊಡ್ಡ ಹಿತ್ತಾಳೆಯ ತಂಬಿಗೆ, ಅದರ ಬಾಯಿಗೆ ಬಟ್ಟೆ ಕಟ್ಟಿದ್ದು. ಪ್ಲಾಸ್ಟಿಕ್ ಬಾಟಲಿಯ ನೀರು ಅವಳಿಗೆ ರುಚಿಸುತ್ತಿರಲಿಲ್ಲ.

"ಬಂತು ನೋಡ್ರಿ ನೀರಿನ ಟ್ಯಾಂಕರ್!" ಎನ್ನುತ್ತಿದ್ದ ಶಹಾಬಾದಿನವನು.

"ನಕ್ಕೋರಿ ಮಾಮಾ, ನಕ್ಕೋರಿ. ತಾಂಡೂರ ದಾಟಿದ ಮ್ಯಾಲ ನೀವೇ ಕೇಳ್ತೀರಿ, ಒಂದು ಗುಟುಕು ಹಾಕವಾ ಅಂತ."

"ಕುಡದು ಕುಡದು ನಾ ರೈಲಿನ ಸಂಡಾಸಕ್ಕೇ ಮನಿ ಮಾಡೀನಿ. ಬಾಡಿಗಿ ಕೇಳ್ಯಾರು ರೈಲ್ವೇದವ್ರು."

ಅವಳ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಅವರಿಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದರು. ನಾನು ನನ್ನ ಡಬ್ಬಿಯನ್ನು ಕಿಟಕಿಯ ಕಡೆ ತಿರುಗಿ ಉಣ್ಣುತ್ತಿದ್ದೆ. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ. ಮಡಿಯ ಮನುಷ್ಯ ಎಂದು ಬಿಟ್ಟಿದ್ದರು. ಒಂದು ಸಲ ಮಾತ್ರ, ಬಾಟಲಿ ಹಾಕಿಸಿಕೊಂಡು ಬರುವ ದಾರಿಯಲ್ಲಿ, ನನ್ನ ಡಬ್ಬಿಯ ಮುಚ್ಚಳ ತೆರೆದರೆ ಅನ್ನ ಹಳಸಿತ್ತು. ಗುಳಿಗೆಯ ಹೊತ್ತಾಗಿತ್ತು. ಶಹಾಬಾದಿನವನು ನಿದ್ದೆಯಲ್ಲಿದ್ದ. ಅವಳು ಒಂದು ರೊಟ್ಟಿಯ ಮೇಲೆ ಹಿಂಡಿ ಹಾಕಿ ನನ್ನ ಪಕ್ಕ ಇಟ್ಟು, ತಾನು ಕಿಟಕಿಯ ಹೊರಗೆ ನೋಡುತ್ತ ಕೂತಳು. ನಾನು ಉಂಡೆ. ಅಷ್ಟು ರುಚಿಯ ರೊಟ್ಟಿಯನ್ನು ಮತ್ತೆ ಉಂಡಿಲ್ಲ. ಅವಳು ಅದನ್ನು ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ ಎತ್ತಲಿಲ್ಲ. ಗುಟ್ಟು ಕಾಯಬಲ್ಲವಳು ಎಂಬುದು ನನಗೆ ಅಂದೇ ಗೊತ್ತಾಗಿತ್ತು. ಮುಂದಿನದಕ್ಕೆ ನನಗೆ ಕ್ಷಮೆ ಇಲ್ಲದಿರುವುದು ಇದರಿಂದಲೇ.

ಈಗ ಏಕಾದಶಿಯ ವಿಷಯ.

ಗುಳಿಗೆ ಶುರುವಾದ ಮೇಲೆ ನಾನು ಏಕಾದಶಿ ಉಪವಾಸ ಮಾಡಲೇ ಇಲ್ಲ. ಮಾಡಬೇಕಾಗಿಯೂ ಇರಲಿಲ್ಲ. ರೋಗಿಗೆ, ಮುದುಕರಿಗೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ಎಷ್ಟೋ ಮಂದಿಗೆ ನಾನೇ ಅದನ್ನು ಹೇಳಿದ್ದೇನೆ. ಆದರೆ ಹೇಳುವುದು ಬೇರೆ, ಕಟ್ಟೆಯ ಮೇಲೆ ಕೂತ ಆಚಾರ್ರು ತಾವೇ ಉಣ್ಣುವುದು ಬೇರೆ ಎಂದುಕೊಂಡೆ. ಏಕಾದಶಿಯ ದಿನ ಮುಂಬಾಗಿಲು ಹಾಕಿ ಒಳಗೆ ಉಣ್ಣುತ್ತಿದ್ದೆ. ವಾಸನೆ ಪಕ್ಕದ ಮನೆಗೆ ಹೋದೀತೆಂದು ಹೆಂಡತಿಗೆ ಒಗ್ಗರಣೆ ಹಾಕಬೇಡ ಎಂದಿದ್ದೆ. ಒಗ್ಗರಣೆಯಿಲ್ಲದ ಬೇಳೆ, ಮೆತ್ತಗಿನ ಅನ್ನ. ಅವಳಿಗೆ ಸಿಟ್ಟು ಬರುತ್ತಿತ್ತು.

"ಬಾಗಲಾ ಯಾಕ ಹಾಕ್ತೀರಿ? ದೇವರೇನು ಹೊರಗ ಕಟ್ಟಿ ಮ್ಯಾಲ ಕುಂತಾನೇನು?"

"ಮಂದಿ ಕುಂತಾರ," ಎನ್ನುತ್ತಿದ್ದೆ.

"ಹಂಗಾರ ಮಂದಿಗೇ ಪೂಜಾ ಮಾಡ್ರಿ."

ಮರುದಿನ ದ್ವಾದಶಿ, ಬೆಳಕು ಹರಿಯುವ ಮೊದಲೇ ಗಂಟೆ ಬಾರಿಸಿ ಪೂಜೆ ಮುಗಿಸಿ, ಹಸಿದವನ ಹಾಗೆ ಪಾರಣೆಗೆ ಅವಸರ ಮಾಡುತ್ತಿದ್ದೆ. ತುಂಬಿದ ಹೊಟ್ಟೆಯಲ್ಲಿ ಹಸಿವನ್ನು ನಟಿಸುವುದು ಸುಲಭವಲ್ಲ, ಆದರೆ ರೂಢಿಯಾಗುತ್ತದೆ.

ಶಹಾಬಾದಿನವನು ಹೀಗಿರಲಿಲ್ಲ. ರಂಜಾನ್ ಬರುವ ಮೊದಲೇ ಡಾಕ್ಟರ ಮುಂದೆ ಕೂತು, ರೋಜಾ ಇರಲೋ ಬಿಡಲೋ ಎಂದು ನೇರವಾಗಿ ಕೇಳಿದ್ದ. ಬೇಡವೆಂದರು. ರೈಲಿನಲ್ಲಿ ಎಲ್ಲರ ಎದುರು ಬಿಸ್ಕತ್ತು ತಿನ್ನುತ್ತ, "ನಾ ರೋಜಾ ಬಿಟ್ಟೀನಿ. ಬದಲಿಗಿ ದಿನಾ ಒಬ್ಬ ಗರೀಬಗ ಊಟ ಹಾಕಾಕತ್ತೀನಿ. ಮ್ಯಾಲ ಹೋದಾಗ ಕೇಳಿದ್ರ ಡಾಕ್ಟರ್ ಚೀಟಿ ತೋರಸ್ತೀನಿ," ಎಂದು ನಗುತ್ತಿದ್ದ. ನನಗೆ ಅವನನ್ನು ಕಂಡು ಒಳಗೆ ಹೊಟ್ಟೆಕಿಚ್ಚು. ಹೊರಗೆ ಮಾತ್ರ, "ನಿಮ್ಮಲ್ಲಿ ಅನುಕೂಲ ಭಾಳ ಅದ," ಎಂದೆ. ಅವನು ನಕ್ಕು ಇನ್ನೊಂದು ಬಿಸ್ಕತ್ತು ಮುರಿದ.

ಆಷಾಢ ಬಂತು. ಕುರಕುಂಟಾದವಳ ಮನೆತನ ಪಂಢರಪುರದ ದಿಂಡಿಯ ಜೊತೆ ನಡೆದುಹೋಗುವ ಮನೆತನ. ಗಂಡ ಇದ್ದಾಗ ಇಬ್ಬರೂ ಹೋಗಿದ್ದರಂತೆ. ಈ ಸಲ ಹೋಗಲಾಗದ್ದಕ್ಕೆ ಅವಳಿಗೆ ಸಂಕಟವಿತ್ತು. ಗುಳಿಗೆ ಏರಿಸುವ ವಾರಗಳು ಆಗ ಅವಳದು. ಏಕಾದಶಿಯ ಹಿಂದಿನ ಬುಧವಾರ ವಾಪಸ್ ಬರುವಾಗ ಕೇಳಿದಳು:

"ಅಣ್ಣಾರ, ದೊಡ್ಡ ಏಕಾದಶಿ ಮಂಗಳವಾರ ಬಂದದ. ಸೋಮವಾರದಿಂದ ನಂದು ದೊಡ್ಡ ಗುಳಗಿ ಶುರು. ಊಟದ ಮ್ಯಾಲೇ ತಗೋ ಅಂತಾರ. ನೀವು ಏಕಾದಶಿ ಹ್ಯಾಂಗ ಮಾಡ್ತೀರಿ?"

ರೈಲಿನ ಆ ಡಬ್ಬಿಯಲ್ಲಿ ನಮ್ಮ ಕಡೆಯವರು ನಾಲ್ಕಾರು ಜನ ಕೂತಿದ್ದರು. ಮೂಲೆಯಲ್ಲಿ ನಾಲವಾರದ ಮಠಕ್ಕೆ ಹೊರಟ ಒಂದು ಕುಟುಂಬ, ನನ್ನ ಹಣೆ, ತೋಳಿನ ಗೋಪೀಚಂದನದ ಮುದ್ರೆಗಳನ್ನು ನೋಡಿ ಆಗಲೇ ಕೈಮುಗಿದಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಒಂದೇ ಮಾತು ಸಾಕಿತ್ತು: ನಾನು ಉಣ್ಣುತ್ತೇನವಾ, ನೀನೂ ಉಣ್ಣು.

ನಾನು ಹೇಳಿದ್ದು ಇದು: "ಅದರಾಗೇನದ? ತೀರ್ಥದ ಜೋಡಿ ನುಂಗಿಬಿಡ್ತೀನಿ. ಒಂದು ಉದ್ಧರಣೆ ತೀರ್ಥ. ಅದು ಬಿಟ್ಟರ ಹನಿ ನೀರು ಮುಟ್ಟಂಗಿಲ್ಲ. ಇಲ್ಲೀತನಕ ಏನೂ ಆಗಿಲ್ಲ ನೋಡು, ನನ್ನ ರಕ್ತ ಎಷ್ಟು ಚಲೋ ಬರಾಕತ್ತದ."

ಉದ್ಧರಣೆ ಎಂದರೆ ಪೂಜೆಯ ಸಣ್ಣ ಚಮಚ. ಅಂಗೈ ಕೂಡ ನೆನೆಯದಷ್ಟು ನೀರು ಅದರಲ್ಲಿ.

"ಹೌದೇನ್ರಿ?" ಎಂದಳು. ಅವಳ ಮುಖದಲ್ಲಿ ಎಷ್ಟು ನೆಮ್ಮದಿ ಬಂತೆಂದರೆ, ನನಗೂ ಏನೋ ಒಳ್ಳೆಯದನ್ನೇ ಹೇಳಿದಂತೆ ಅನ್ನಿಸಿತು.

"ಡಾಕ್ಟರಿಗೆ ಒಂದ್ಮಾತು ಕೇಳವಾ," ಎಂದ ಶಹಾಬಾದಿನವನು. "ಪಾಲಿಶ್ ನೀರು ಬಿಡಬಾರದು ನೋಡು."

"ಅಣ್ಣಾರ ಬಿಟ್ಟಾರಲ್ಲ ಮಾಮಾ. ವಿಠ್ಠಲಗ ಗೊತ್ತಿಲ್ಲೇನು?"

ಆ ಕ್ಷಣ ನನಗೆ ಪಾಲಿಶ್ ಮಷಿನ್ನು ನೆನಪಾಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನೆನಪಾಯಿತು. ಇಳಿಯುವಾಗ ಹೇಳಿದರಾಯಿತು ಎಂದುಕೊಂಡೆ. ಸೇಡಂ ಬಂತು, ಅವಳು ತಂಬಿಗೆ ಹಿಡಿದು ಇಳಿದಳು, ಜನ ನೂಕಿದರು, ರೈಲು ಹೊರಟಿತು. ಮನೆಗೆ ಹೋಗಿ ಫೋನ್ ಮಾಡಿದರಾಯಿತು ಎಂದುಕೊಂಡೆ. ಸೋಮವಾರವೂ ಹಾಗೇ ಅಂದುಕೊಂಡೆ. ಮಂಗಳವಾರ ಬಾಗಿಲು ಹಾಕಿ, ಒಗ್ಗರಣೆಯಿಲ್ಲದ ಬೇಳೆಯ ಅನ್ನ ಉಂಡು, ಗುಳಿಗೆ ನುಂಗಿ, ಚೆಂಬು ತುಂಬ ನೀರು ಕುಡಿದೆ.

ಬುಧವಾರ ಸೇಡಂನಲ್ಲಿ ಅವಳನ್ನು ಮಗಳು ರಟ್ಟೆ ಹಿಡಿದು ಹತ್ತಿಸಿದಳು. ಮುಖ ಊದಿತ್ತು. ಪಾರಣೆಗೆಂದು ಬಾಯಿಗಿಟ್ಟ ತುತ್ತು ವಾಂತಿಯಾಗಿತ್ತು. ಮೀನಖಂಡ ಸೆಳೆದು ಸೆಳೆದು ಕೂರಲೂ ಆಗುತ್ತಿರಲಿಲ್ಲ. ಶಹಾಬಾದಿನವನು ತನ್ನ ಸೀಟನ್ನು ಪೂರ್ತಿ ಬಿಟ್ಟು ಅವಳನ್ನು ಮಲಗಿಸಿ, ತಾನು ಹೈದರಾಬಾದಿನ ತನಕ ನಿಂತೇ ಬಂದ. ಟ್ಯಾಂಕರ್ ಎನ್ನಲಿಲ್ಲ. ತಂಬಿಗೆ ಅವಳ ಕೈಯಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಕೂಡಲೇ ಮಲಗಿಸಿದರು. ನನ್ನ ಬಾಟಲಿ ಮುಗಿದ ಮೇಲೆ ನಾವಿಬ್ಬರೂ ಅವಳ ಮಂಚದ ಹತ್ತಿರ ಹೋದೆವು. ಡಾಕ್ಟರು ರಕ್ತದ ವರದಿ ಹಿಡಿದು ನಿಂತಿದ್ದರು. ಎಂದೂ ದನಿ ಏರಿಸದ ಮನುಷ್ಯ ಅಂದು ಏರಿಸಿದರು. ಕಿಡ್ನಿ ಕೆಲಸ ನಿಲ್ಲಿಸುತ್ತಿದೆ, ನೀರು ಕುಡಿಯಲಿಲ್ಲವೇ, ಇಷ್ಟು ಸಲ ಹೇಳಿದ್ದು ಯಾರಿಗೆ ಎಂದರು. ಚಿಂಚೋಳಿಯ ನರ್ಸು ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ಉಪಾಸ ಇದ್ದಿರೇನು? ನೀರ್ ಸುದ್ದಾ ಬಿಡು ಅಂತ ಯಾರ್ ಹೇಳಿದ್ರು ನಿಮಗ?"

ನಾನು ಮಂಚದ ಕಾಲ ಕಡೆ ನಿಂತಿದ್ದೆ. ಕೈಯಲ್ಲಿ ನನ್ನ ನೀರಿನ ಬಾಟಲಿ, ಅರ್ಧ ಖಾಲಿಯಾದದ್ದು. ಅವಳು ಕಣ್ಣು ತೆರೆದು ನಮ್ಮೆಲ್ಲರ ಕಡೆ ಒಮ್ಮೆ ನೋಡಿದಳು. ನನ್ನ ಮೇಲೆ ಆ ನೋಟ ಹೆಚ್ಚು ನಿಲ್ಲಲಿಲ್ಲ.

"ಯಾರೂ ಹೇಳಿಲ್ಲವಾ. ನಂದೇ ಬುದ್ಧಿ. ನಂದೇ ತಪ್ಪು."

ಈ ಹೆಂಗಸರಿಗೆ ದೇವರ ಹುಚ್ಚು ಎಂಬಂತೆ ಡಾಕ್ಟರು ತಲೆಯಾಡಿಸಿದರು. ನಾನು ಮಾತಾಡಬೇಕಾದ ಜಾಗ ಅದು. ಡಾಕ್ಟರ ಸಿಟ್ಟು ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ. ಅದಕ್ಕಿಂತ ದೊಡ್ಡದೇನೂ ಆಗುತ್ತಿರಲಿಲ್ಲ. ನಾನು ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ ನಿಂತೆ.

ಬರುವಾಗ ರೈಲಿನಲ್ಲಿ ನಾವಿಬ್ಬರೇ. ಸೇಡಂ ದಾಟಿದ ಮೇಲೆ ಶಹಾಬಾದಿನವನು ಕೇಳಿದ:

"ಆಚಾರ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿನ್ನಿ ನೀವು ಖರೇನೇ ಉಪಾಸ ಇದ್ರೇನು?"

"ಇದ್ದೆ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. ಚಿತ್ತಾಪುರದಲ್ಲಿ ಚಹಾ ಬಂದಾಗ ಬೇಡವೆಂದ. ವಾಡಿಯಲ್ಲಿ ನಾನು ಎದ್ದಾಗ, ಯಾವಾಗಲೂ ಬಾಗಿಲ ತನಕ ನನ್ನ ಚೀಲ ಹಿಡಿದು ಬರುತ್ತಿದ್ದವನು, ಕೂತಲ್ಲೇ ಕೂತಿದ್ದ. ಚೀಲ ಹಗುರವಾಗಿತ್ತು. ಆದರೂ ನನಗೆ ಅದನ್ನು ಎತ್ತಲಾಗಲಿಲ್ಲ. ಎಳೆದುಕೊಂಡು ಇಳಿದೆ.

ಅವಳು ಬದುಕಿದಳು. ಕೆಲವು ದಿನ ಯಂತ್ರದಿಂದ ರಕ್ತ ಸೋಸಿದರು, ಕಿಡ್ನಿ ಮತ್ತೆ ಕೆಲಸ ಹಿಡಿಯಿತು. ಆದರೆ ಮೊದಲಿನಷ್ಟಲ್ಲ. ಆ ಎರಡು ಔಷಧಗಳ ಜೋಡಿಯನ್ನು ಅವಳಿಗೆ ಮತ್ತೆ ಕೊಡಲು ಡಾಕ್ಟರಿಗೆ ಧೈರ್ಯ ಬರಲಿಲ್ಲ. ಬೇರೆ ಒಂದು ಗುಳಿಗೆ ಬರೆದರು. ಇರುವ ತನಕ ದಿನಾ ನುಂಗುವ ಗುಳಿಗೆ. ಬಿಟ್ಟುಬಿಡುವ ದಿನ ಎಂಬುದು ಅವಳ ಪಾಲಿಗೆ ಇಲ್ಲವಾಯಿತು.

ನನಗೆ ಆ ದಿನ ಬಂತು. ರಕ್ತ ಸ್ವಚ್ಛ, ಗುಳಿಗೆ ಸಾಕು ಎಂದರು. ಆ ಬುಧವಾರ ಅವಳೂ ತೋರಿಸಿಕೊಳ್ಳಲು ಬಂದಿದ್ದಳು. ಸುದ್ದಿ ಕೇಳಿ ಅವಳು ಆಸ್ಪತ್ರೆಯ ಹೊರಗಿನ ಅಂಗಡಿಗೆ ಹೋಗಿ ಪೇಢೆ ತಂದಳು. ಮೊದಲು ನನ್ನ ಮುಂದೆ ಹಿಡಿದು, ಆಮೇಲೆ ನೆನಪಾಗಿ ಕೈ ಹಿಂದೆಳೆದುಕೊಂಡಳು.

"ಅಯ್ಯ, ನೀವು ಹೊರಗಿಂದು ತಿನ್ನಂಗಿಲ್ಲಲ್ಲ. ಮಾಮಾ, ನೀವು ತಿನ್ರಿ. ಅಣ್ಣಾರ ಹೆಸರಿಲೆ."

ಶಹಾಬಾದಿನವನು ತಿಂದ. ಅವನ ಚಿಕಿತ್ಸೆಯೂ ಅದೇ ತಿಂಗಳು ಮುಗಿಯಲಿತ್ತು. ಅವನು ನನ್ನೊಡನೆ ಮಾತಾಡುತ್ತಿದ್ದ, ನಗುತ್ತಿದ್ದ, ಆದರೆ ಚೀಲ ಮಾತ್ರ ಮತ್ತೆಂದೂ ಹಿಡಿಯಲಿಲ್ಲ.

"ನಿಮ್ದು ಮುಗೀತಲ್ಲ ಅಣ್ಣಾರ," ಎಂದಳು ಅವಳು. "ನನಗ ಭಾಳ ಖುಷಿ ಆಗ್ಯಾದ. ಬುಧವಾರ ರೈಲಿನಾಗ ಇನ್ನ ನಾ ಒಬ್ಬಾಕಿನೇ."

ಅದಾದ ಮೇಲೆ ಬುಧವಾರಗಳು ಹೋದವು. ಆರೋಗ್ಯ ಬಂದ ಮೇಲೆ ಆ ರೈಲು ನೆನಪಾಗಿ ಕಾಡುವುದೆಂದರೆ ವಿಚಿತ್ರ. ಬೆಳಗಿನ ರೈಲಿನ ಸದ್ದು ಕೇಳಿದಾಗ, ತುಳಸಿ ತೊಳೆಯುತ್ತಿದ್ದವನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಈಗ ಚಿತ್ತಾಪುರ, ಈಗ ಸೇಡಂ, ಈಗ ಅವಳು ತಂಬಿಗೆ ಹಿಡಿದು ಹತ್ತುತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಒಂದು ದಿನ ಹೆಂಡತಿಗೆ ಎಲ್ಲ ಹೇಳಿದೆ. ಸನ್ನತಿಯ ಚಂದ್ರಲಾಂಬೆಗೆ ನನ್ನ ಜೀವಕ್ಕಾಗಿ ಹರಕೆ ಹೊತ್ತು ಉಡಿ ತುಂಬಿ ಬಂದವಳು ಅವಳು.

"ನಾ ಒಗ್ಗರಣಿ ಇಲ್ಲದ ಅಡಿಗಿ ಮಾಡಿದ್ದು ಇದಕ್ಕೇನ್ರಿ?" ಎಂದಳು. "ಹೋಗ್ರಿ. ಆಕಿ ಮನಿಗಿ ಹೋಗಿ ಹೇಳಿ ಬರ್ರಿ."

ಹೇಗೆ ಹೇಳುವುದು ಎಂದು ಯೋಚಿಸಿ ಒಂದು ದಾರಿ ಹುಡುಕಿದೆ. ಏಕಾದಶಿಯ ದಿನವೇ ಕುರಕುಂಟಾಕ್ಕೆ ಹೋಗುವುದು, ಅವಳ ಮನೆಯಲ್ಲಿ ಕೂತು ರೊಟ್ಟಿ ಕೇಳಿ ಉಣ್ಣುವುದು. ಮಾತು ಹೊರಡದಿದ್ದರೂ ತುತ್ತೇ ಹೇಳುತ್ತದೆ. ಆಮೇಲೆ ಬಾಯಿಯೂ ತೆರೆದೀತು ಎಂದುಕೊಂಡೆ.

ಹೋದೆ. ಅವಳು ಪಡಸಾಲೆಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇಳಿದುಹೋಗಿದ್ದಳು, ಕೈಗಳು ಮಾತ್ರ ಹಾಗೇ ಇದ್ದವು. ನನ್ನನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಬರ್ರಿ ಅಣ್ಣಾರ, ಕುಂದ್ರಿ, ಕುಂದ್ರಿ!" ಎಂದು ಕಂಬಳಿ ಹಾಸಿದಳು. ಮಗಳನ್ನು ಕರೆದಳು, ಪಕ್ಕದ ಮನೆಯವರನ್ನು ಕೂಗಿದಳು. ನೋಡನೋಡುತ್ತ ಅಂಗಳ ತುಂಬಿತು.

"ಇವರೇ ನೋಡ್ರೆವಾ ವಾಡಿ ಆಚಾರ್ರು. ನನಗ ಧೈರ್ಯ ಹೇಳಿ ಉಳಸಿದವ್ರು. ಅಂಥಾ ಜಡ್ಡಿನಾಗೂ ಏಕಾದಶಿ ಬಿಟ್ಟವ್ರಲ್ಲ. ನನಗ ಆ ಪುಣ್ಯ ಇರಲಿಲ್ಲ, ನನ್ನ ಮೈ ತಡೀಲಿಲ್ಲ. ಇವತ್ತೂ ಏಕಾದಶಿ, ಹನಿ ನೀರು ಮುಟ್ಟದೇ ಬಂದಾರ ನೋಡ್ರಿ."

ಒಬ್ಬ ಮುದುಕಿ ಬಂದು ನನ್ನ ಕಾಲು ಮುಟ್ಟಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಒಂದು ರೊಟ್ಟಿ ಕೊಡವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ಉಳಿಯಿತು. ಈ ಸಲ ಮಳೆ ಚೆನ್ನಾಗಿ ಆಗಿದೆ, ತೊಗರಿ ಹೇಗಿದೆ ಎಂದು ಕೇಳಿದೆ.

ಹೊರಡುವಾಗ ಊರ ಅಗಸೆಬಾಗಿಲ ತನಕ ಕಳಿಸಲು ಬಂದಳು. ಅಲ್ಲಿ ಯಾರೂ ಇರಲಿಲ್ಲ.

"ಅಣ್ಣಾರ, ಏನಾರ ಹೇಳಬೇಕಂತ ಬಂದಿದ್ರೇನು?" ಎಂದಳು.

"ಇಲ್ಲವಾ, ಸುಮ್ಕ ನೋಡಿ ಹೋಗೋಣಂತ."

"ನೀರು ಸುದ್ದಾ ಕೊಡಲಿಕ್ಕಾಗಲಿಲ್ಲ ನಿಮಗ," ಎಂದಳು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಎಷ್ಟೋ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಸೇಡಂ ಸ್ಟೇಷನ್ನಿನ ನಳದಲ್ಲಿ ಮುಖ ತೊಳೆಯುವವನಂತೆ ಬಗ್ಗಿ, ಬೊಗಸೆ ಬೊಗಸೆ ನೀರು ಕುಡಿದೆ.

ಆ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ನಮ್ಮ ರೋಗದವರಿಗೆ ಜ್ವರವೆಂದರೆ ಬೇರೆ. ಎದೆಗೆ ಇಳಿಯಿತು, ಆಸ್ಪತ್ರೆ ತಲುಪುವ ಮೊದಲೇ ಹೋದಳು. ಶಹಾಬಾದಿನವನು ಫೋನ್ ಮಾಡಿ ಹೇಳಿದ. ಅವಳ ಸಾವಿಗೂ ಆ ಏಕಾದಶಿಗೂ ಸಂಬಂಧವಿದೆಯೇ ಎಂದು ನಾನು ಆಮೇಲೆ ಡಾಕ್ಟರನ್ನು ಸುತ್ತುಬಳಸಿ ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ, ಈ ರೋಗದಲ್ಲಿ ಯಾರಿಗಾದರೂ ಆಗಬಹುದು ಎಂದರು. ಆ ಮಾತನ್ನು ಹಿಡಿದುಕೊಂಡು ಮಲಗಲು ಕೆಲವು ದಿನ ಪ್ರಯತ್ನಿಸಿದೆ.

ಶಹಾಬಾದಿಗೆ ಹೋಗಿ ಅವನಿಗೆ ನಿಜ ಹೇಳಿದೆ. ಅವನು ಕಲ್ಲುಗಳ ನಡುವೆ ಕೂತಿದ್ದ, ಹಿಂದೆ ಮಷಿನ್ನಿನ ಮೇಲೆ ನೀರು ಸುರಿಯುತ್ತಿತ್ತು. ಪೂರ್ತಿ ಕೇಳಿದ. "ನನಗ ಅವತ್ತೇ ಗೊತ್ತಿತ್ತು ಆಚಾರ್ರ," ಎಂದ. "ನನಗೇನು ಮಾಫಿ ಕೇಳ್ತೀರಿ? ನನ್ನ ಕಿಡ್ನಿ ಚಲೋ ಅದಾವ." ಆಮೇಲೆ ಚಹಾ ತರಿಸಿದ. ನಾನು ಕುಡಿದೆ.

ಈಗ ಏಕಾದಶಿಯ ದಿನ ನಮ್ಮ ಮುಂಬಾಗಿಲು ತೆರೆದಿರುತ್ತದೆ. ಹೆಂಡತಿ ಸಾಸಿವೆ, ಇಂಗು ಹಾಕಿ ಒಗ್ಗರಣೆ ಕೊಡುತ್ತಾಳೆ, ವಾಸನೆ ಓಣಿಯ ಕೊನೆ ಮುಟ್ಟುತ್ತದೆ. ಕಟ್ಟೆಗೆ ಬಂದು ಕೇಳುವ ರೋಗಿಗಳಿಗೆ, ಉಣ್ಣಿರಿ, ನಾನೂ ಉಣ್ಣುತ್ತೇನೆ ಎನ್ನುತ್ತೇನೆ. ಕೆಲವರು ಕಟ್ಟೆಗೆ ಬರುವುದನ್ನು ಬಿಟ್ಟರು. ಹೆಚ್ಚಿನವರು ಏನೂ ಅನ್ನಲಿಲ್ಲ. ಇಷ್ಟಕ್ಕಾಗಿಯೇ ಹೆದರಿದ್ದೆನೇ ಎಂದು ನಾಚಿಕೆಯಾಗುತ್ತದೆ. ಆದರೆ ಬಾಗಿಲು ತೆರೆದು ಉಣ್ಣುವುದು ಅವಳಿಗೆ ಹೇಳಿದಂತಾಗುವುದಿಲ್ಲ. ಇದನ್ನು ಬರೆದರೂ ಹೇಳಿದಂತಾಗುವುದಿಲ್ಲ.

ಹೆಂಡತಿಗೆ ಹೇಳಿದೆ, ಶಹಾಬಾದಿನವನಿಗೆ ಹೇಳಿದೆ, ವಿಠ್ಠಲನಿಗೆ ದಿನಾ ಹೇಳುತ್ತೇನೆ, ಇಂದು ನಿಮಗೂ ಹೇಳಿದೆ. ಹೇಳದೆ ಉಳಿದದ್ದು ಒಬ್ಬಳಿಗೆ. ಅವಳು ನನ್ನನ್ನು ಮೊದಲ ದಿನದಿಂದ ಕೊನೆಯ ದಿನದ ತನಕ ಅಣ್ಣಾ ಎಂದು ಕರೆದಳು. ನಾನು ತಿರುಗಿ ಏನವಾ, ಬಾರವಾ ಎಂದೆನೇ ಹೊರತು, ಆ ಕರೆಗೆ ತಕ್ಕ ಹೆಸರಿನಿಂದ ಒಮ್ಮೆಯೂ ಕರೆಯಲಿಲ್ಲ. ಅವಳು ಕುರಕುಂಟಾದ ನನ್ನ ತಂಗಿ.